ಎರಡು ಸಲ ಬಂದವಳು

ನಾನು ನಿಂತಿದ್ದದ್ದು ವ್ಯಾನಿನ ಎಡಬದಿಗೆ. ೨೦೨೧ರ ಜನವರಿಯ ಕೊನೆಯ ಶನಿವಾರ, ಸಂಜೆ ಏಳು ದಾಟಿ ಸ್ವಲ್ಪ ಹೊತ್ತಾಗಿತ್ತು, ಪೂರ್ತಿ ಕತ್ತಲಾಗಿತ್ತು. ಜಪಾನಿನ ಫುಕುವೋಕಾದ ದಕ್ಷಿಣಕ್ಕೆ, ಒಂದು ಸಣ್ಣ ಹೊಳೆಯ ದಂಡೆಯ ಮೇಲಿರುವ ವೃದ್ಧರ ಆರೈಕೆ ಕೇಂದ್ರದ ಹಿಂಬದಿ ಅದು, ಕಾರು ನಿಲ್ಲಿಸುವ ಜಾಗ. ನನ್ನ ಬೆನ್ನ ಹಿಂದೆ ಕೇಂದ್ರದ ಮೂರು ಸಾಲು ಕಿಟಕಿಗಳು, ಎದುರಿಗೆ ಬಟ್ಟೆ ಒಗೆಯುವ ಕಟ್ಟಡದ ಬಿಳಿ ಗೋಡೆ. ವ್ಯಾನಿನ ಹಿಂಬಾಗಿಲು ಮೇಲಕ್ಕೆತ್ತಿತ್ತು, ಒಳಗೆ ಪ್ರೊಜೆಕ್ಟರ್ ಇತ್ತು. ಫಿಲ್ಮ್ ಹೊರಗೆ ಬರುವ ಕಡೆ ಅದು ಸುರುಳಿ ಸುತ್ತಿಕೊಳ್ಳದಂತೆ ಎರಡು ಬೆರಳಿನಿಂದ ತಡೆದು ಹಿಡಿಯುವುದು ನನ್ನ ಕೆಲಸವಾಗಿತ್ತು. ತಲೆ ಎತ್ತಿದರೆ ಗೋಡೆ ಕಾಣುತ್ತಿತ್ತು. ಕತ್ತು ತಿರುಗಿಸಿದರೆ ಮೊದಲ ಮಹಡಿಯಲ್ಲಿ ಎಡಗಡೆಯಿಂದ ಮೂರನೇ ಕಿಟಕಿ ಕಾಣುತ್ತಿತ್ತು.

ಎಲ್ಲಿ ನಿಂತಿದ್ದೆ ಎನ್ನುವುದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇಷ್ಟೆ: ಅಂದು ನಡೆದದ್ದರಲ್ಲಿ ಕೆಲವನ್ನು ನಾನು ಕಣ್ಣಾರೆ ಕಂಡೆ, ಕೆಲವನ್ನು ಇನ್ನೊಬ್ಬರ ಬಾಯಿಂದ ಕೇಳಿದೆ. ಅವೆರಡನ್ನೂ ಬೆರೆಸಿಬಿಡಲು ನನಗೆ ಇಷ್ಟವಿಲ್ಲ.

ಮೊನ್ನೆ ಮಗಳ ಹುಟ್ಟುಹಬ್ಬಕ್ಕೆ ಸುಶಿ ಮಾಡಬೇಕೆಂದು ಹೆಂಡತಿ ಶಾಲಿನಿ ಬಿಸಿ ಅನ್ನಕ್ಕೆ ವಿನೆಗರ್ ಚಿಮುಕಿಸಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಆ ಹುಳಿ ಆವಿ ಮೂಗಿಗೆ ಬಡಿದದ್ದೇ ನಾನು ಎದ್ದು ಬಾಲ್ಕನಿಗೆ ಹೋದೆ.

"ಏನ್ರೀ, ಮತ್ತೆ ಕುರೋಕಿ ಸಾನಾ?" ಎಂದಳು ಒಳಗಿನಿಂದ.

"ಹೂಂ."

"ಪೂಜೆಗೆ ಕರ್ಪೂರ ಹಚ್ಚಿದ್ರೂ ಅದೇ, ಅನ್ನಕ್ಕೆ ವಿನೆಗರ್ ಹಾಕಿದ್ರೂ ಅದೇ. ಈ ಮನೇಲಿ ನಾನು ಏನ್ ಮಾಡ್ಬೇಕು ಹೇಳಿ. ಸ್ವಲ್ಪ ಬರೆದಾದ್ರೂ ಇಡಿ, ತಲೆಯಿಂದ ಇಳೀಲಿ."

ಹಾಗಾಗಿ ಬರೆಯುತ್ತಿದ್ದೇನೆ.

೨೦೨೦ರ ವಸಂತದಲ್ಲಿ ಕೊರೋನಾ ಎಂದು ಫುಕುವೋಕಾದ ನಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯವನ್ನು ಮುಚ್ಚಿದ್ದರು. ಪ್ಲಾಸ್ಟಿಕ್ಕುಗಳು ವಯಸ್ಸಾಗುತ್ತ ಹೇಗೆ ಕೆಡುತ್ತವೆ ಎಂದು ನೋಡುವುದು ನನ್ನ ವೃತ್ತಿ. ಮನೆಯಲ್ಲಿ ಕುಳಿತು ನೋಡಲು ಏನೂ ಇರಲಿಲ್ಲ. ಸಂಜೆ ಮಾಸ್ಕ್ ಹಾಕಿಕೊಂಡು ಒಬ್ಬನೇ ನಡೆಯುತ್ತಿದ್ದೆ. ನಮ್ಮ ಬಡಾವಣೆಯ ಹಿಂದೆ ಚಾವಣಿ ಹೊದಿಸಿದ ಹಳೆಯ ಅಂಗಡಿ ಬೀದಿಯೊಂದಿದೆ. ಆಗ ಅಲ್ಲಿ ತೆರೆದಿದ್ದದ್ದು ಕೊಂಬಿನಿ ಎಂಬ ಒಂದು ದಿನಬಳಕೆ ಸಾಮಾನಿನ ಅಂಗಡಿ, ಒಂದು ಔಷಧಿ ಅಂಗಡಿ, ಒಂದು ಉಪ್ಪಿನಕಾಯಿ ಅಂಗಡಿ, ಅಷ್ಟೇ. ಉಪ್ಪಿನಕಾಯಿ ಅಂಗಡಿಯ ಪಕ್ಕದ ಮೆಟ್ಟಿಲಿನಿಂದ ಹುಳಿ ವಾಸನೆ ಇಳಿದು ಬರುತ್ತಿತ್ತು. ಮೊದಲ ದಿನ ಉಪ್ಪಿನಕಾಯಿಯದೇ ಎಂದುಕೊಂಡು ಮುಂದೆ ಹೋದೆ. ಎರಡನೇ ದಿನ ನಿಂತೆ. ಉಪ್ಪಿನಕಾಯಿಯ ಹುಳಿಯ ಜೊತೆ ಉಪ್ಪು, ಎಳ್ಳು, ಮೂಲಂಗಿ ಎಲ್ಲ ಇರುತ್ತದೆ. ಇದು ಬರೀ ಹುಳಿ. ಹಳೆಯ ಫಿಲ್ಮ್ ಕೊಳೆಯುವಾಗ ಇದೇ ವಾಸನೆ ಬರುತ್ತದೆ.

ಮೆಟ್ಟಿಲ ಮೇಲೆ ಒಬ್ಬ ಮುದುಕರು ಕುಳಿತು ಕಾಫಿ ಡಬ್ಬಿ ಹಿಡಿದಿದ್ದರು. ಅವರ ಹಿಂದೆ ಸಿನಿಮಾ ಮನೆಯ ಬಾಗಿಲು, ಅದರ ಮೇಲೆ "ಸದ್ಯಕ್ಕೆ ವಿಶ್ರಾಂತಿ" ಎಂಬ ಕಾಗದ.

"ಸುಮಿಮಾಸೆನ್, ಕ್ಷಮಿಸಿ, ಮೇಲೆ ಹಳೇ ಫಿಲ್ಮ್ ಇಟ್ಟಿದ್ದೀರಾ?" ಎಂದೆ.

"ಸಿನಿಮಾ ಮನೇಲಿ ಫಿಲ್ಮ್ ಇಡದೆ ಮೀನು ಇಡ್ಲಾ?"

"ಅದು ಕೆಡ್ತಾ ಇದೆ."

"ನಾನೂ ಕೆಡ್ತಾ ಇದೀನಿ. ಎಪ್ಪತ್ತೊಂದಾಯ್ತು. ಬನ್ನಿ ಮೇಲೆ, ಮಾಸ್ಕ್ ಸರಿಯಾಗಿ ಏರಿಸ್ಕೊಳ್ಳಿ."

ಕುರೋಕಿ ಸಾನ್, ಅಂದರೆ ಕುರೋಕಿಯವರು, ಪರಿಚಯವಾದದ್ದು ಹಾಗೆ. ಅರವತ್ತು ಆಸನದ ಸಿನಿಮಾ ಮನೆ. ಅವರ ತಂದೆ ಯುದ್ಧ ಮುಗಿದ ಎರಡು ವರ್ಷಕ್ಕೆ ಸುಟ್ಟುಳಿದ ಒಂದು ಗೋದಾಮಿನಲ್ಲಿ ಶುರು ಮಾಡಿದ್ದು, ಆಮೇಲೆ ಇಲ್ಲಿಗೆ ಬಂದದ್ದು. ನಾನು ವಿಶ್ವವಿದ್ಯಾಲಯದವನು ಎಂದು ಗೊತ್ತಾದ ಮೇಲೆ ಅವರು ನನ್ನನ್ನು ತಮಾಷೆಗೆ "ಸೆನ್ಸೇ", ಅಂದರೆ ಮೇಷ್ಟ್ರೇ, ಎಂದು ಕರೆಯತೊಡಗಿದರು. ಹುಳಿ ವಾಸನೆ ಬರುತ್ತಿದ್ದದ್ದು ಪ್ರೊಜೆಕ್ಟರ್ ಕೋಣೆಯ ಕೆಳಗಿನ ಕಪಾಟಿನಿಂದ. ಅಲ್ಲಿ ತಗಡಿನ ನಾಲ್ಕು ಡಬ್ಬಿಗಳಿದ್ದವು. ಅಮೆರಿಕನ್ ಸೈನಿಕರ ನೆಲೆಯಿಂದ ಬಂದ ಒಂದೇ ಒಂದು ಚಿತ್ರ, ನಾಲ್ಕು ರೀಲು. ಊರಿಗೆ ಮರಳುತ್ತಿದ್ದ ಸೈನಿಕನೊಬ್ಬ ಅದನ್ನು ಅವರ ತಂದೆಗೆ ಕೊಟ್ಟುಹೋದನಂತೆ. ಬದಲಿಗೆ ಏನು ತೆಗೆದುಕೊಂಡ ಎಂದು ತಂದೆ ಎಂದೂ ಹೇಳಲಿಲ್ಲವಂತೆ.

ಅಂಥ ಚಿತ್ರಗಳನ್ನು ಯುದ್ಧದ ನಡುವೆಯೇ ಹಾಲಿವುಡ್ಡಿನಲ್ಲಿ ತೆಗೆಯುತ್ತಿದ್ದರು. ಒಂದು ಸ್ಟುಡಿಯೋದ ಸಂಬಳದಲ್ಲಿದ್ದ ನಟನಟಿಯರೆಲ್ಲ ಒಂದೇ ಚಿತ್ರದಲ್ಲಿ ಬಂದು ಹೋಗುವುದು. ಕತೆ ನೆಪಕ್ಕೆ. ಇದರಲ್ಲಿ ಇಬ್ಬರು ಸೈನಿಕರು ರಜೆಯಲ್ಲಿ ಬಂದು, ಒಂದು ಹಳೆಯ ನಾಟಕಶಾಲೆಯಲ್ಲಿ ಗೆಳೆಯರಿಗಾಗಿ ಹಾಡು ಕುಣಿತದ ಕಾರ್ಯಕ್ರಮ ಏರ್ಪಡಿಸುತ್ತಾರೆ. ದೊಡ್ಡ ದೊಡ್ಡ ತಾರೆಯರು ಒಬ್ಬೊಬ್ಬರಾಗಿ ಬಂದು ಎರಡು ನಿಮಿಷ, ಮೂರು ನಿಮಿಷ ಏನೋ ಮಾಡಿ ಹೋಗುತ್ತಾರೆ. ಅವರಲ್ಲಿ ಎಲ್ಲರಿಗಿಂತ ಹೆಸರುವಾಸಿಯಾದವಳು, ಅಂದಿನ ಹುಡುಗರು ಫೋಟೋ ಕತ್ತರಿಸಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದವಳು, ಮೂರನೇ ರೀಲಿನಲ್ಲಿ ಬರುತ್ತಾಳೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕುರೋಕಿ ಸಾನ್ ಕೂಡ ಹೆಸರು ಹಿಡಿದು ಹೇಳುತ್ತಿರಲಿಲ್ಲ, "ಮೆಟ್ಟಿಲಿನವಳು" ಎನ್ನುತ್ತಿದ್ದರು. ನಮಗೂ ಅದೇ ರೂಢಿಯಾಯಿತು.

"ಅವಳು ಹಾಡಿದ್ದು ಯಾರಿಗೋಸ್ಕರ ಗೊತ್ತಾ ಸೆನ್ಸೇ? ಈ ಊರಿನ ಮೇಲೆ ವಿಮಾನ ತಂದೋರಿಗೋಸ್ಕರ. ಅವರಿಗೆ ಖುಷಿಯಾಗ್ಲಿ ಅಂತ ಮಾಡಿದ ಪಿಕ್ಚರ್ ಇದು. ಗೋದಾಮಿನ ಗೋಡೆ ಮೇಲೆ ಮಸಿ ಇನ್ನೂ ಹೋಗಿರಲಿಲ್ಲ, ಅದರ ಮೇಲೇ ಬಟ್ಟೆ ಕಟ್ಟಿ ತೋರಿಸಿದ್ದು. ನಾಚಿಕೆ ಆಗ್ಲಿಲ್ವಾ ಅಂತ ಅಪ್ಪನ್ನ ಒಂದು ಸಲ ಕೇಳಿದ್ದೆ."

"ಏನಂದ್ರು?"

"'ಟಿಕೆಟ್ ತಗೊಂಡೋರಿಗೆ ಆಗ್ಲಿಲ್ಲ, ನನಗ್ಯಾಕೆ ಆಗ್ಬೇಕು' ಅಂದ."

ಆ ಪ್ರದರ್ಶನಗಳನ್ನು ನೋಡಿದ್ದವರಲ್ಲಿ ಕುರೋಕಿ ಸಾನ್‌ಗೆ ಗೊತ್ತಿದ್ದಂತೆ ಉಳಿದಿದ್ದವರು ಒಬ್ಬರೇ, ಅವರ ಅಕ್ಕ ಸುಮಿಯೆ ಸಾನ್. ತಮ್ಮನಿಗಿಂತ ಹದಿನೈದು ವರ್ಷ ದೊಡ್ಡವರು. ಅಕ್ಕನ ತಾಯಿ ಬೇರೆ, ತಮ್ಮನ ತಾಯಿ ಬೇರೆ. ಅಕ್ಕನ ತಾಯಿ ಬಾಂಬು ಬಿದ್ದು ಊರು ಸುಟ್ಟ ರಾತ್ರಿ ಹೋದವರು. ಆಮೇಲೆ ತಂದೆ ಮರುಮದುವೆಯಾಗಿ ಕುರೋಕಿ ಸಾನ್ ಹುಟ್ಟಿದ್ದು. "ಅಕ್ಕ ತನ್ನಮ್ಮನ ವಿಷಯ ನಮ್ಮನೇಲಿ ಯಾವತ್ತೂ ಎತ್ತಿಲ್ಲ. ನಮ್ಮಮ್ಮನಿಗೆ ಬೇಜಾರಾದೀತು ಅಂತ ಇರಬೇಕು. ಆಮೇಲೆ ಅದೇ ಅಭ್ಯಾಸ ಆಗೋಯ್ತು," ಎಂದಿದ್ದರು ಒಮ್ಮೆ. ಅದನ್ನು ಹೇಳುವಾಗ ಅವರು ಪ್ರೊಜೆಕ್ಟರಿನ ಗಾಜು ಒರೆಸುತ್ತಿದ್ದರು.

ಸುಮಿಯೆ ಸಾನ್ ಆರೈಕೆ ಕೇಂದ್ರದಲ್ಲಿದ್ದರು. ಕೊರೋನಾ ಬಂದ ಮೇಲೆ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕುರೋಕಿ ಸಾನ್ ಪ್ರತಿ ವಾರ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಫೋನು ಮಾಡುತ್ತಿದ್ದರು. ಮೇಲೆ ಹಯಾಶಿದಾ ಸಾನ್ ಎಂಬ ನರ್ಸ್ ಗಾಲಿಕುರ್ಚಿಯನ್ನು ಕಿಟಕಿಗೆ ತಂದು ಅಕ್ಕನ ಕಿವಿಗೆ ಫೋನು ಹಿಡಿಯುತ್ತಿದ್ದರು. ಬೇಸಿಗೆಯಲ್ಲಿ ನಾನೂ ಒಂದೆರಡು ಸಲ ಜೊತೆಗೆ ಹೋದೆ.

"ಯಾರದು, ಪಕ್ಕದಲ್ಲಿ ಉದ್ದಕ್ಕಿರೋನು?" ಎಂದು ಕೇಳಿದರು ಅಕ್ಕ. ಫೋನಿನ ಸ್ಪೀಕರ್ ಹಾಕಿತ್ತು.

"ಇಂದೋ ಜಿನ್, ಅಕ್ಕ. ಭಾರತದವರು. ಫಿಲ್ಮ್ ಡಾಕ್ಟರು."

"ಹಾಗಾದ್ರೆ ಅವಳನ್ನ ಕರ್ಕೊಂಡು ಬರೋಕೆ ಹೇಳು. ಮೆಟ್ಟಿಲಿಂದ ಇಳಿದು ಬರ್ತಾಳಲ್ಲ, ಅವಳು. ಎರಡು ಸಲಾನೂ."

"ಒಂದೇ ಸಲ ಬರೋದು ಅಕ್ಕ."

"ಎರಡು ಸಲ. ನೀನು ಹುಟ್ಟಿದ್ಯಾ ಆಗ?"

ವಾಪಸ್ಸು ಬರುವಾಗ ಕುರೋಕಿ ಸಾನ್ ಕೆಂಪು ದೀಪದ ಹತ್ತಿರ ವ್ಯಾನು ನಿಲ್ಲಿಸಿದರು. ಆಮೇಲೆ, "ಅಕ್ಕನ ತಲೆ ಹೋಗ್ತಾ ಇದೆ. ಅವಳು ಬರೋದು ಒಂದೇ ಸಲ. ನಾನು ಎಷ್ಟು ಸಲ ನೋಡಿಲ್ಲ ಅದನ್ನ," ಎಂದರು. ಆ ಬೇಸಿಗೆಯಲ್ಲಿ ಅವರನ್ನು ಹಣ್ಣು ಮಾಡಿದ್ದು ಆ ಸಂಶಯ, ಸಿನಿಮಾ ಮನೆ ಮುಚ್ಚಿದ್ದಕ್ಕಿಂತ ಹೆಚ್ಚಾಗಿ. ಒಳಗೆ ಹೋಗಿ ಕೈ ಹಿಡಿದು ನೋಡುವಂತಿಲ್ಲ. ಒಂದು ಗಾಜು, ಒಂದು ಫೋನು. ಅಷ್ಟರಿಂದಲೇ ಅಕ್ಕ ಇನ್ನೂ ತನ್ನ ಅಕ್ಕನೇ ಹೌದೋ ಅಲ್ಲವೋ ಎಂದು ಅವರು ತಿಳಿದುಕೊಳ್ಳಬೇಕಿತ್ತು.

ತೋಕ್ಯೋದ ಒಂದು ಚಲನಚಿತ್ರ ಸಂಗ್ರಹಾಲಯಕ್ಕೆ ಅವರು ಚಿತ್ರದ ವಿಷಯ ತಿಳಿಸಿದ್ದರು. ಅವರೂ ಮುಚ್ಚಿದ್ದರು. ತೆರೆದ ಮೇಲೆ ತರಿಸಿಕೊಂಡು ನಕಲು ಮಾಡುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಯಂತ್ರಕ್ಕೆ ಹಾಕಬೇಡಿ ಎಂದು ಉತ್ತರ ಬಂತು. ಸರಿಯಾದ ಮಾತೇ. ಈ ಚಿತ್ರದ ಬೇರೆ ಪ್ರತಿ ಎಲ್ಲಿದೆಯೆಂದು ನಮಗೆ ಗೊತ್ತಾಗಲಿಲ್ಲ. ಇಂಟರ್ನೆಟ್ಟಿನಲ್ಲಿ ಅವಳು ಮೆಟ್ಟಿಲ ಮೇಲೆ ನಿಂತ ಒಂದು ಫೋಟೋ ಮಾತ್ರ ಸಿಕ್ಕಿತು. ಹಯಾಶಿದಾ ಸಾನ್ ಅದನ್ನು ಸುಮಿಯೆ ಸಾನ್‌ಗೆ ತೋರಿಸಿದರು. "ಹೌದು, ಇವಳೇ. ಆದರೆ ನಿಂತೇ ಇದ್ದಾಳಲ್ಲ," ಎಂದರಂತೆ.

ಶರತ್ಕಾಲದಲ್ಲಿ ಒಂದು ಮಧ್ಯಾಹ್ನ ಮೂರನೇ ರೀಲನ್ನು ಮೇಜಿನ ಮೇಲೆ ಬಿಚ್ಚಿದೆವು. ಯಂತ್ರಕ್ಕೆ ಹಾಕದೆ, ಕೈಯಲ್ಲೇ ಸುತ್ತುತ್ತ, ಕೆಳಗೆ ದೀಪ ಇಟ್ಟು, ಭೂತಗನ್ನಡಿಯಲ್ಲಿ ನೋಡುವುದು. ಫಿಲ್ಮ್ ಕುಗ್ಗಿತ್ತು, ಮೀಟರಿಗೆ ಹತ್ತಿರ ಹತ್ತಿರ ಒಂದು ಬೆರಳಗಲ. ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಇನ್ನು ಸರಿಯಾಗಿ ಕೂರುವಂತಿರಲಿಲ್ಲ. ನನ್ನ ಕಣ್ಣು ಹೋದದ್ದು ಆ ತೂತುಗಳ ಮೇಲೇ. ರೀಲಿನ ಉದ್ದಕ್ಕೂ ಒಂದೇ ಥರ ಸವೆತವಿತ್ತು. ಒಂದು ಕಡೆ ಬಂದಾಗ ಅದು ಇದ್ದಕ್ಕಿದ್ದಂತೆ ಹೆಚ್ಚಾಯಿತು. ತೂತಿನ ಮೂಲೆಗಳು ಸೀಳಿದ್ದವು, ಚಿತ್ರದ ಮೇಲೆ ಉದ್ದುದ್ದ ಗೀರುಗಳು ದಟ್ಟವಾಗಿದ್ದವು. ಸ್ವಲ್ಪ ದೂರ ಹಾಗೇ ಹೋಗಿ ಮತ್ತೆ ಕಡಿಮೆಯಾಯಿತು.

"ಇಲ್ಲಿ ಏನು ಬರುತ್ತೆ ನೋಡಿ," ಎಂದೆ.

ಕುರೋಕಿ ಸಾನ್ ಬಗ್ಗಿ ನೋಡಿದರು. ಸವೆತ ಶುರುವಾಗುತ್ತಿದ್ದದ್ದು ಖಾಲಿ ಮೆಟ್ಟಿಲುಗಳ ಮೇಲೆ. ನಿಲ್ಲುತ್ತಿದ್ದದ್ದು ಅವಳು ಹೊರಗೆ ಹೋದ ಬಾಗಿಲು ಮುಚ್ಚಿಕೊಂಡ ಮೇಲೆ.

ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ. ನನ್ನ ಬಾಲ್ಯದಲ್ಲಿ ಅಲ್ಲಿ ಟೆಂಟ್ ಸಿನಿಮಾ ಇನ್ನೂ ಇತ್ತು. ಹಾಡು ಹಿಡಿಸಿದರೆ ಜನ ಶಿಳ್ಳೆ ಹೊಡೆದು "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ಕೂಗು ಜೋರಾದರೆ ಆಪರೇಟರು ಚಿತ್ರ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಅದೇ ಹಾಡನ್ನು ಮತ್ತೆ ಬಿಡುತ್ತಿದ್ದ. ಹಾಗೆ ಬಿಟ್ಟ ಹಾಡಿನ ಮೇಲೆ ಪರದೆಯಲ್ಲಿ ಮಳೆ ಬಂದ ಹಾಗೆ ಗೀರು. ಮುಂದಿನ ಊರಿನವರಿಗೆ ಆ ಗೀರು ನೋಡಿದರೇ ಗೊತ್ತಾಗುತ್ತಿತ್ತು, ಇದು ಹಿಟ್ ಹಾಡು ಎಂದು. ಇದನ್ನು ನಾನು ಕುರೋಕಿ ಸಾನ್‌ಗೆ ಹೇಳಿದೆ. ಅವರು ಭೂತಗನ್ನಡಿ ಕೆಳಗಿಟ್ಟು ಆಗಲೇ ಕೇಂದ್ರಕ್ಕೆ ಫೋನು ಮಾಡಿದರು.

"ಅಕ್ಕ, ಅವಳು ಎರಡನೇ ಸಲ ಯಾವಾಗ ಬರ್ತಿದ್ದಳು?"

"ಎಲ್ಲ ಮುಗಿದ ಮೇಲೆ. ಕೊನೇಲಿ." ಸುಮಿಯೆ ಸಾನ್ ಧ್ವನಿಯಲ್ಲಿ ಆಶ್ಚರ್ಯವೇನೂ ಇರಲಿಲ್ಲ. "ಅಪ್ಪ ಮಾಡಿದ ಎಡವಟ್ಟು ಅದು. ಹೊರಗೆ ಬೋರ್ಡಲ್ಲಿ ಅವಳದ್ದೇ ಮುಖ, ಬಾಗಿಲಿಗಿಂತ ದೊಡ್ಡದು, ತಾನೇ ಬರೆದಿದ್ದ. ಇಡೀ ಪಿಕ್ಚರ್ ಅವಳದ್ದೇ ಅಂದ್ಕೊಂಡು ಜನ ಬಂದ್ರು. ಅವಳು ಅತ್ತ ಬಂದು ಇತ್ತ ಹೋದಳು. ಮೋಸ ಅಂತ ಕೂಗಾಡಿ ಕೂತಿದ್ದ ಚಾಪೆ ದಿಂಬೆಲ್ಲ ಪರದೆಗೆ ಎಸೆದ್ರು. ನನ್ನ ತಲೆಗೂ ಒಂದು ಬಿತ್ತು. ಅಪ್ಪ ಮುಂದೆ ಬಂದು ಬಗ್ಗಿ ಬಗ್ಗಿ ಕ್ಷಮೆ ಕೇಳಿ, ಕೊನೇಲಿ ಅವಳನ್ನ ಮತ್ತೆ ಕರೆಸ್ತೀನಿ ಅಂದ. ಆವತ್ತಿಂದ ಪ್ರತಿ ಆಟಕ್ಕೂ ಎರಡು ಸಲ."

"ನನಗೆ ಯಾಕೆ ಹೇಳ್ಲಿಲ್ಲ ಅಕ್ಕ?"

"ಎರಡು ಸಲ ಅಂತ ಈ ವರ್ಷವೆಲ್ಲ ಹೇಳ್ತಾನೇ ಇದೀನಲ್ಲೋ."

ಫೋನಿಟ್ಟ ಮೇಲೆ ಕುರೋಕಿ ಸಾನ್ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕನ ತಲೆ ಹೋಗಿರಲಿಲ್ಲ. ಎಪ್ಪತ್ತು ವರ್ಷಕ್ಕೂ ಹಿಂದಿನ ಮಾತನ್ನು ಫಿಲ್ಮಿನ ತೂತುಗಳೂ ಹೌದೆಂದಿದ್ದವು.

ಚಳಿಗಾಲ ಬರುತ್ತಿದ್ದಂತೆ ಸುಮಿಯೆ ಸಾನ್ ಊಟ ಕಡಿಮೆ ಮಾಡಿದರು. ಕಾಯಿಲೆ ಏನೂ ಇಲ್ಲ, ವಯಸ್ಸು ಎಂದರು ಹಯಾಶಿದಾ ಸಾನ್. ತಾವೇ ಫೋನು ಮಾಡಿ ಹೇಳಿದ್ದರು: "ಕುರೋಕಿ ಸಾನ್, ಏನಾದ್ರೂ ತೋರಿಸೋದಿದ್ರೆ ತಡ ಮಾಡ್ಬೇಡಿ. ಒಳಗೆ ಬಿಡೋಕೆ ಆಗಲ್ಲ. ಕಿಟಕಿ ಮಾತ್ರ ನನ್ನ ಕೈಲಿದೆ." ಅವತ್ತು ಕುರೋಕಿ ಸಾನ್ ನನ್ನನ್ನು ನೇರವಾಗಿ ಕೇಳಿದರು.

"ಒಂದು ಸಲ ಓಡುತ್ತಾ, ಸೆನ್ಸೇ?"

ನಾನು ಒಂದು ವಾರ ತೆಗೆದುಕೊಂಡೆ. ಕುಗ್ಗಿದ ಫಿಲ್ಮನ್ನು ಮೆತ್ತಗೆ ಮಾಡಲು ಹಿಂದಿನವರು ಅದರ ಡಬ್ಬಿಯಲ್ಲಿ ಕರ್ಪೂರ ಇಡುತ್ತಿದ್ದರು. ಮನೆಗೆ ಬಂದು ಶಾಲಿನಿಯನ್ನು ಕೇಳಿದೆ.

"ಊರಿಂದ ಅಮ್ಮ ಕಳಿಸಿದ್ದು ರೀ ಅದು, ದೇವರಿಗೆ ಅಂತ. ಹಾಲಿವುಡ್ ಹೀರೋಯಿನ್‌ಗೆ ಮಂಗಳಾರತಿ ಎತ್ತೋಕಾ?"

"ಹಚ್ಚಲ್ಲ ಕಣೇ. ಡಬ್ಬೀಲಿ ಇಡೋದು."

"ಅರ್ಧ ಪ್ಯಾಕೆಟ್ ತಗೊಳ್ಳಿ. ಪೂರ್ತಿ ಬೇಡ."

ತಂದು ಪರೀಕ್ಷಿಸಿದರೆ ಅದು ಅಸಲಿ ಕರ್ಪೂರವೇ ಅಲ್ಲ, ಉರಿಯಲಷ್ಟೇ ಲಾಯಕ್ಕಾದ ಬೇರೇನೋ ಬಿಲ್ಲೆ. ಹೇಳಿದ್ದಕ್ಕೆ ಅವಳು, "ದೇವರು ಇಷ್ಟು ವರ್ಷ ಏನೂ ಅಂದಿಲ್ಲ, ನೀವು ಒಂದು ದಿನಕ್ಕೇ ಕಂಡುಹಿಡಿದ್ರಿ," ಎಂದಳು. ಕೊನೆಗೆ ಅಸಲಿ ಕರ್ಪೂರ ಸಿಕ್ಕಿದ್ದು ಕುರೋಕಿ ಸಾನ್ ಬೀದಿಯ ಔಷಧಿ ಅಂಗಡಿಯಲ್ಲೇ, ಕಿಮೋನೊ ಪೆಟ್ಟಿಗೆಯಲ್ಲಿ ಹುಳು ಬೀಳದಂತೆ ಇಡುವ ಬಿಲ್ಲೆಗಳ ರೂಪದಲ್ಲಿ. ಅವಳು ಬರುವ ಮೂರು ನಿಮಿಷದ ಭಾಗವನ್ನು ಮಾತ್ರ ರೀಲಿನಿಂದ ಬಿಡಿಸಿ, ಕರ್ಪೂರದ ಜೊತೆ ಬೇರೆ ಡಬ್ಬಿಯಲ್ಲಿಟ್ಟೆವು. ಉಳಿದದ್ದು ಸಂಗ್ರಹಾಲಯಕ್ಕೆ ಹಾಗೇ ಭದ್ರ. ಜನವರಿಯ ಹೊತ್ತಿಗೆ ಫಿಲ್ಮ್ ಸ್ವಲ್ಪ ಬಾಗುವಂತಾಯಿತು. ಕುರೋಕಿ ಸಾನ್ ಯಂತ್ರದ ಹಲ್ಲುಗಳನ್ನು ಅರದಿಂದ ಸಣ್ಣಗೆ ಉಜ್ಜಿದರು. ಧ್ವನಿ ಓದುವ ಉರುಳೆಯ ಮೇಲೆ ಫಿಲ್ಮ್ ಕೂರದ್ದರಿಂದ ಅದನ್ನು ತೆಗೆದುಹಾಕಿದೆವು. ಚಿತ್ರ ಮಾತ್ರ, ಮಾತಿಲ್ಲ, ಹಾಡಿಲ್ಲ.

"ಒಂದು ಸಲ ಹೋಗಬಹುದು," ಎಂದೆ. "ಎರಡನೇ ಸಲ ಹೋಗಲ್ಲ."

ಕುರೋಕಿ ಸಾನ್ ತಲೆಯಾಡಿಸಿದರು. ಸಂಗ್ರಹಾಲಯದವರು ಬೇಡವೆಂದದ್ದು ಅವರಿಗೆ ನೆನಪಿತ್ತು. ನನಗೂ ಇತ್ತು. ಇಬ್ಬರೂ ಅದನ್ನು ಬಾಯಿಗೆ ತರಲಿಲ್ಲ.

ಇನ್ನು ಆ ಸಂಜೆ. ಕೊರೋನಾ ಕಾರಣಕ್ಕೆ ಎರಡನೇ ಸಲ ತುರ್ತು ಪರಿಸ್ಥಿತಿ ಘೋಷಿಸಿದ್ದ ದಿನಗಳು ಅವು. ಹಯಾಶಿದಾ ಸಾನ್ ಊಟ ಮುಗಿಸಿದವರನ್ನೆಲ್ಲ ಕಿಟಕಿಗಳಿಗೆ ತಂದು ಕೂರಿಸಿ ಕೋಣೆಯ ದೀಪ ಆರಿಸಿದ್ದರು. ಶಾಲಿನಿ ವ್ಯಾನಿನ ಇನ್ನೊಂದು ಬದಿಯಲ್ಲಿ ಫೋನು ಹಿಡಿದು ನಿಂತಿದ್ದಳು, ಚಿತ್ರವನ್ನು ರೆಕಾರ್ಡ್ ಮಾಡಲು. ಚಳಿಗೆ ನನ್ನ ಬೆರಳುಗಳಿಗೆ ಸರಿಯಾಗಿ ಸ್ಪರ್ಶ ಗೊತ್ತಾಗುತ್ತಿರಲಿಲ್ಲ, ಅದೇ ನನಗಿದ್ದ ದೊಡ್ಡ ಭಯ. ಕುರೋಕಿ ಸಾನ್ ಕಿಟಕಿಯ ಕಡೆ ತಿರುಗಿ, ಅವರ ತಂದೆ ಮಾಡುತ್ತಿದ್ದರೆನ್ನುವ ಹಾಗೆ, ಸೊಂಟದಿಂದ ಬಗ್ಗಿ ನಮಸ್ಕರಿಸಿ ದೀಪ ಹಚ್ಚಿದರು.

ಗೋಡೆಯ ಮೇಲೆ ಮೆಟ್ಟಿಲುಗಳು ಮೂಡಿದವು. ಗೀರುಗಳು ಮಳೆಯಂತೆ ಸುರಿಯುತ್ತಿದ್ದವು. ಅವಳು ಮೇಲಿನಿಂದ ಇಳಿದು ಬಂದಳು. ಮೀನಿನ ಮೈಯಂತೆ ಹೊಳೆಯುವ ಉದ್ದ ಗೌನು, ಒಂದು ಭುಜದ ಮೇಲೆ ಬಿಳಿ ತುಪ್ಪಳ. ಕೆಳಗೆ ನಿಂತ ಸೈನಿಕರೆಲ್ಲ ಹಿಂದೆ ಸರಿದು ದಾರಿ ಬಿಟ್ಟರು. ಅಷ್ಟು ಚೆಲುವೆಯನ್ನು ನೋಡಿ ಏನು ಮಾಡಬೇಕೆಂದು ತಿಳಿಯದ ಹುಡುಗರ ಮುಖಗಳು. ಅವಳು ಅವರಲ್ಲೊಬ್ಬನ ಮುಂದೆ ನಿಂತಳು. ಅವನ ಅಂಗಿಯಲ್ಲಿ ಒಂದು ಗುಂಡಿ ಇರಲಿಲ್ಲ. ಅವಳು ಹಾಡುತ್ತಲೇ ಯಾರ ಕೈಯಿಂದಲೋ ಸೂಜಿದಾರ ತೆಗೆದುಕೊಂಡಳು, ಅವನನ್ನು ಪೆಟ್ಟಿಗೆಯೊಂದರ ಮೇಲೆ ಕೂರಿಸಿ, ಗುಂಡಿ ಇಟ್ಟು ಹೊಲಿಯತೊಡಗಿದಳು. ತುಟಿ ಆಡುತ್ತಿತ್ತು, ಹಾಡು ನಮಗೆ ಕೇಳುತ್ತಿರಲಿಲ್ಲ, ಯಂತ್ರದ ಟರಟರ ಮಾತ್ರ. ಹೊಲಿದಾದ ಮೇಲೆ ಅವಳು ಬಗ್ಗಿ, ಅವನ ಎದೆಯ ಹತ್ತಿರ ಮುಖ ತಂದು, ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಎದ್ದು, ತುಪ್ಪಳ ಸರಿಪಡಿಸಿಕೊಂಡು, ಹಿಂದಿನ ಬಾಗಿಲಿನಿಂದ ಹೊರಟುಹೋದಳು. ತಿರುಗಿ ನೋಡಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಫಿಲ್ಮ್ ನನ್ನ ಬೆರಳಿನಿಂದ ಜಾರಿ ಸುತ್ತಿಕೊಂಡಿತು. ಹರಿದಿರಲಿಲ್ಲ. ಕುರೋಕಿ ಸಾನ್ ದೀಪ ಆರಿಸಿದರು. ಕಿಟಕಿಗಳಿಂದ ಸಣ್ಣಗೆ ಚಪ್ಪಾಳೆ, ಗಾಜಿನ ಹಿಂದೆ ಆದ್ದರಿಂದ ಹತ್ತಿಯ ಮೇಲೆ ತಟ್ಟಿದಂಥ ಸದ್ದು. ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಡಬ್ಬಿಗೆ ಕೈಹಾಕಿದೆ. ಫೋನು ಬಂತು.

ಸ್ಪೀಕರಿನಲ್ಲಿ ಹಯಾಶಿದಾ ಸಾನ್: "ಸುಮಿಯೆ ಸಾನ್ ಕಿಟಕಿ ಬಿಟ್ಟು ಬರ್ತಾ ಇಲ್ಲ. ಇನ್ನೊಂದು ಸಲ ಇದೆ ಅಂತಾರೆ. ಮಾತಾಡ್ತಾರಂತೆ, ಕೊಡ್ತೀನಿ."

ಆಮೇಲೆ ಅಕ್ಕನ ಧ್ವನಿ, ತೆಳ್ಳಗೆ. "ನೋಡಿದ್ಯಾ?"

"ನೋಡಿದೆ ಅಕ್ಕ."

"ನಮ್ಮಮ್ಮ ದಾರ ಹಾಗೇ ಕಡೀತಿದ್ದಳು. ಕತ್ತರಿ ಪಕ್ಕದಲ್ಲೇ ಇದ್ರೂ. ಊರವರ ಬಟ್ಟೆ ಹೊಲೀತಿದ್ದಳು, ದಿನಕ್ಕೆ ನೂರು ಸಲ ಹಾಗೆ ಬಗ್ಗೋಳು. ಮೊದಲ ಸಲ ನಾನು ನೋಡೋ ಅಷ್ಟರಲ್ಲಿ ಅವಳು ಹೋಗಿಬಿಟ್ಟಳು. ಅಪ್ಪ ಮತ್ತೆ ಕರೆಸಿದ."

ಎಪ್ಪತ್ತೊಂದು ವರ್ಷದಲ್ಲಿ ಅಕ್ಕನ ಬಾಯಲ್ಲಿ ಆ ತಾಯಿಯ ಮಾತನ್ನು ಕುರೋಕಿ ಸಾನ್ ಕೇಳಿದ್ದು ಅದೇ ಮೊದಲು. ಇದು ನನ್ನ ಊಹೆಯಲ್ಲ, ಆಮೇಲೆ ಅವರೇ ಹೇಳಿದ್ದು. ಆ ಹೊತ್ತಿನಲ್ಲಿ ಅವರು ನನ್ನ ಕಡೆ ಒಂದು ಸಲ ನೋಡಿದರು. ಕೇಳಿದ್ದರೆ ಏನೆನ್ನುತ್ತಿದ್ದೆನೋ ಗೊತ್ತಿಲ್ಲ. ಅವರು ಕೇಳಲಿಲ್ಲ. ಫಿಲ್ಮನ್ನು ಹಿಂದಕ್ಕೆ ಸುತ್ತತೊಡಗಿದರು. ನಾನು ಕೈಗವಸು ತೆಗೆದು ಬೆರಳುಗಳನ್ನು ಬಾಯಿಯ ಬಿಸಿಯುಸಿರಿಗೆ ಹಿಡಿದು, ಮತ್ತೆ ನನ್ನ ಜಾಗದಲ್ಲಿ ನಿಂತೆ.

ಎರಡನೇ ಸಲ ಮೆಟ್ಟಿಲಿನಲ್ಲೇ ಚಿತ್ರ ನಡುಗಿತು. ತೂತುಗಳು ಸೀಳುವ ಸದ್ದು ನನಗೆ ಕೇಳುತ್ತಿತ್ತು, ಒಣಗಿದ ಎಲೆ ಮುರಿದ ಹಾಗೆ. ಅವಳು ಇಳಿದು ಬಂದಳು. ಹುಡುಗರು ದಾರಿ ಬಿಟ್ಟರು. ಕೂರಿಸಿದಳು, ಹೊಲಿದಳು. ನಾನು ಕತ್ತು ತಿರುಗಿಸಿ ಮೂರನೇ ಕಿಟಕಿ ನೋಡಿದೆ. ಕತ್ತಲಲ್ಲಿ ಗಾಜಿನ ಹತ್ತಿರ ಒಂದು ಸಣ್ಣ ಮುಖ ಮಾತ್ರ. ಮತ್ತೆ ಗೋಡೆಯ ಕಡೆ ತಿರುಗಿದಾಗ ಅವಳು ಬಗ್ಗುತ್ತಿದ್ದಳು. ದಾರ ಹಲ್ಲಿಗೆ ಸಿಕ್ಕಿತ್ತು. ಅಲ್ಲಿ ಫಿಲ್ಮ್ ನಿಂತುಹೋಯಿತು.

ಯಂತ್ರದಲ್ಲಿ ಫಿಲ್ಮ್ ನಿಂತರೆ ದೀಪದ ಶಾಖ ಒಂದೇ ಜಾಗಕ್ಕೆ ಬೀಳುತ್ತದೆ. ಕುರೋಕಿ ಸಾನ್ ಕೈ ದೀಪದ ಗುಂಡಿಯ ಮೇಲೇ ಇತ್ತು. ಅವರು ಒತ್ತಲಿಲ್ಲ. ಅವಳ ಕೆನ್ನೆಯ ಮೇಲೆ ಕಂದು ಚುಕ್ಕೆಯೊಂದು ಮೂಡಿತು, ಹಿಗ್ಗಿತು, ಗುಳ್ಳೆ ಎದ್ದು ಮುಖ, ದಾರ, ಹುಡುಗನ ಎದೆ ಎಲ್ಲವೂ ಕರಗಿದವು. ಗೋಡೆ ಪೂರ್ತಿ ಬಿಳಿ ಬೆಳಕಾಯಿತು. ಆ ಬೆಳಕು ತಿರುಗಿ ಬಂದು ಕೇಂದ್ರದ ಎಲ್ಲ ಕಿಟಕಿಗಳ ಮೇಲೆ ಬಿತ್ತು. ನಾನು ತಿರುಗಿ ನೋಡಿದೆ. ಮೂರು ಸಾಲಿನಲ್ಲೂ ಮುಖಗಳು. ಬೆಳಗಿನ ಹೊತ್ತಿನಲ್ಲಿ ನೋಡಿದಷ್ಟು ಸ್ಪಷ್ಟ. ಸುಮಿಯೆ ಸಾನ್ ಬಲಗೈಯ ಎರಡು ಬೆರಳನ್ನು ತುಟಿಯ ಹತ್ತಿರ ತಂದು, ತಲೆಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡರು, ದಾರ ಕಡಿಯುವವರ ಹಾಗೆ. ಇದನ್ನು ನಾನು ಕಂಡೆ.

ಮುಂದಿನದು ಹಯಾಶಿದಾ ಸಾನ್ ಹೇಳಿದ್ದು. ಕಿಟಕಿಯ ಪರದೆ ಎಳೆಯುವಾಗ ಅವರು, "ಪಾಪ, ಅರ್ಧಕ್ಕೇ ನಿಂತುಹೋಯ್ತು," ಎಂದರಂತೆ. ಸುಮಿಯೆ ಸಾನ್, "ನಿಲ್ಲಲಿ ಬಿಡು. ಈ ಸಲ ಅವಳು ಬಾಗಿಲ ಹತ್ತಿರ ಹೋಗಲಿಲ್ಲ," ಎಂದರಂತೆ. ಆಮೇಲೆ ಸ್ವಲ್ಪ ಗಂಜಿ ಕೇಳಿ ಕುಡಿದರಂತೆ.

ಅವರು ಮಾರ್ಚ್‌ನಲ್ಲಿ ತೀರಿಕೊಂಡರು. ಸಂಗ್ರಹಾಲಯ ತೆರೆದ ಮೇಲೆ ಕುರೋಕಿ ಸಾನ್ ನಾಲ್ಕೂ ಡಬ್ಬಿಗಳನ್ನು ಕಳಿಸಿದರು, ಸುಟ್ಟ ತುಂಡಿನ ಸಮೇತ. ಏನು ನಡೆಯಿತೆಂದು ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಬಂದ ಉತ್ತರ ಬಹಳ ವಿನಯದ್ದು, ಬಹಳ ಚಿಕ್ಕದು. ಈಗ ಅವರಲ್ಲಿರುವ ನಕಲಿನಲ್ಲಿ ಅವಳು ಮೆಟ್ಟಿಲು ಇಳಿಯುತ್ತಾಳೆ, ಗುಂಡಿ ಹೊಲಿಯುತ್ತಾಳೆ, ಬಗ್ಗುತ್ತಾಳೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬಾಗಿಲಿನ ಹತ್ತಿರ ಅವಳ ಬೆನ್ನು. ಫಿಲ್ಮಿನ ವಿಷಯದಲ್ಲಿ ಅಂದು ನಾವು ಮಾಡಿದ್ದು ಸರಿಯೆಂದು ನಾನು ಹೇಳಲಾರೆ. ವಿದ್ಯಾರ್ಥಿಗಳಿಗೆ ಹಾಗೆ ಮಾಡಬೇಡಿ ಎಂದೇ ಹೇಳುತ್ತೇನೆ. ಆ 'ಏನೂ ಇಲ್ಲ'ದ ಜಾಗದಲ್ಲಿ ಏನಿತ್ತೆಂದು ಕೇಳಿದರೆ ಮಾತ್ರ ಹೇಳಬಲ್ಲೆ.

ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಕುರೋಕಿ ಸಾನ್ ಸಿನಿಮಾ ಮನೆ ಮಾರಿ ಓಯಿತಾದಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ಮೇಲಿನ ಸಾಲಿನ ಕಿಟಕಿಯಲ್ಲಿದ್ದ ಬಾಬಾ ಸಾನ್ ಎಂಬ ನಿವೃತ್ತ ಅಂಚೆಯವರು ತೊಂಬತ್ತೈದು ದಾಟಿ ಅಲ್ಲೇ ಇದ್ದಾರೆ, ಗೋಡೆಯ ಮೇಲೆ ಬಂದ ಹೆಂಗಸು ಯಾರೆಂದು ಈಗಲೂ ಕೇಳುತ್ತಾರಂತೆ. ಶಾಲಿನಿ ಇದ್ದಾಳೆ. ಅವಳ ಫೋನಿನಲ್ಲಿ ಆ ಸಂಜೆಯ ರೆಕಾರ್ಡಿಂಗ್ ಇದೆ, ಅದರಲ್ಲಿ ಚಿತ್ರ ಒಂದಿಷ್ಟೂ ಇಲ್ಲ. ಶುರುವಾದ ಕೂಡಲೇ ಅವಳು ಫೋನನ್ನು ಕಿಟಕಿಗಳ ಕಡೆ ತಿರುಗಿಸಿಬಿಟ್ಟಿದ್ದಳು. ಹತ್ತು ನಿಮಿಷ ಕತ್ತಲು, ಕೊನೆಯಲ್ಲಿ ಒಮ್ಮೆಲೇ ಎಲ್ಲ ಮುಖಗಳು. ಹೇಳಬಲ್ಲವರಲ್ಲಿ ಇನ್ನೊಬ್ಬರು ಹಯಾಶಿದಾ ಸಾನ್, ಗಾಲಿಕುರ್ಚಿಯ ಹಿಡಿಕೆ ಹಿಡಿದು ಸುಮಿಯೆ ಸಾನ್ ಬೆನ್ನ ಹಿಂದೆ ನಿಂತಿದ್ದವರು.